ಕಟ್ಟಡದ ಗುತ್ತಿಗೆ ಕರಾರುಗಳ ವ್ಯಾಜ್ಯಗಳೂ ನ್ಯಾಯಾಲಯದ ವಿಚಾರಣೆಯ ಕ್ರಮವೂ

ಖಾನಾಪುರ ತಾಲೂಕಿನ ಪಶ್ಚಿಮ ಭಾಗವು ಸಹ್ಯಾದ್ರಿಯ ಮಳೆಗೆ ಒಳಪಟ್ಟ ನಾಡಾಗಿದೆ. ಮಲಪ್ರಭೆಯು ಹುಟ್ಟುವ ಕಣಕುಂಬಿಯ ಸುತ್ತಲಿನ ಗ್ರಾಮಗಳಲ್ಲಿ ಮುಂಗಾರು ಹಿಡಿಯಿತೆಂದರೆ ಅಡಿಪಾಯ ತೋಡುವದೂ ಗೋಡೆ ಎತ್ತುವದೂ ದುಸ್ತರ. ಆದುದರಿಂದ ಬತ್ತದ ಉಗ್ರಾಣ, ದನದ ಕೊಟ್ಟಿಗೆ, ಬಾವಿಯ ಕಟ್ಟೆ ಮೊದಲಾದ ಕೆಲಸಗಳೆಲ್ಲ ಸುಗ್ಗಿ ತೀರಿದ ಮೇಲೆ, ಮಳೆಗೆ ಮುಂಚೆ, ಅವಸರದಿಂದ ನಡೆಯುತ್ತವೆ. ಅವಸರದಲ್ಲಿ ಕರಾರು ಬಾಯಿಮಾತಿನಲ್ಲಿಯೇ ಉಳಿಯುವದುಂಟು. ವ್ಯಾಜ್ಯದ ಬೀಜವು ಬೀಳುವದು ಇಲ್ಲಿಯೇ.

ಒಬ್ಬ ಭೂಮಾಲಿಕನು ಬೆಳಗಾವಿಯ ಗುತ್ತಿಗೆದಾರನೊಬ್ಬನಿಗೆ ಉಗ್ರಾಣ ಕಟ್ಟುವ ಕೆಲಸವನ್ನು 4 ಲಕ್ಷ ರೂಪಾಯಿಗೆ ಒಪ್ಪಿಸಿದನೆಂದೂ, ಮೇ ತಿಂಗಳ ಕೊನೆಗೆ ಮುಗಿಯದಿದ್ದರೆ ದಿನಕ್ಕೆ 1,000 ರೂಪಾಯಿ ದಂಡವೆಂದು ಬರೆಯಿಸಿಕೊಂಡನೆಂದೂ ಇಟ್ಟುಕೊಳ್ಳಬಹುದು. ಮಾಡು ಅರ್ಧಕ್ಕೆ ನಿಂತಿತು. ಮಳೆ ಬಂದು ಬತ್ತ ತೊಯ್ದಿತು. ಮಾಲಿಕನು ಬಾಕಿಯನ್ನು ತಡೆದನು. ಗುತ್ತಿಗೆದಾರನಾದರೋ, ಕೆಲಸದ ನಡುವೆ ಬಾಯಿಮಾತಿನಿಂದ ಹೇಳಿ ಕಟ್ಟಿಸಿದ ಪಡಸಾಲೆಯ ಹಣವೂ ಬರಬೇಕೆಂದು ದಾವೆ ಹೂಡಿದನು.

ಇಂಥ ದಾವೆಗೆ ಆಧಾರವು 1872ನೆಯ ಇಸವಿಯ ಭಾರತ ಕರಾರು ಕಾಯ್ದೆ. ಬಾಯಿಮಾತಿನ ಕರಾರೂ ಕಾಯ್ದೆಗೆ ಒಪ್ಪಿಗೆಯೇ. ಆದರೆ ಅದನ್ನು ಸಿದ್ಧಮಾಡುವ ಭಾರವು ಹೇಳುವವನ ಮೇಲಿರುತ್ತದೆ. ಪಡಸಾಲೆಯ ಕುರಿತು ಕರಾರೇ ಸಿದ್ಧವಾಗದಿದ್ದರೂ ಗುತ್ತಿಗೆದಾರನು ಬರಿಗೈಯಲ್ಲಿ ಹೋಗಬೇಕೆಂದಿಲ್ಲ. ಪುಕ್ಕಟೆಯಾಗಿ ಮಾಡುವ ಉದ್ದೇಶವಿಲ್ಲದೆ ನ್ಯಾಯವಾಗಿ ಮಾಡಿದ ಕೆಲಸದ ಲಾಭವನ್ನು ಮತ್ತೊಬ್ಬನು ಅನುಭವಿಸಿದರೆ ಅದರ ಬೆಲೆಯನ್ನು ತೆರತಕ್ಕದ್ದೆಂದು 70ನೆಯ ಕಲಮು ವಿಧಿಸುತ್ತದೆ. ಬಂಗಾಲದ ಆರಾಂಬಾಗದಲ್ಲಿ ನಾಗರಿಕ ಸರಬರಾಯಿ ಇಲಾಖೆಗಾಗಿ 1944ರಲ್ಲಿ ಗುತ್ತಿಗೆದಾರರು ಕಚ್ಚಾ ರಸ್ತೆ, ಕಚೇರಿ, ಅಡಿಗೆಮನೆ ಮೊದಲಾದವುಗಳನ್ನು ಕಟ್ಟಿದ್ದರು. ಸರಕಾರದ ಕರಾರಿಗೆ ಬೇಕಾದ ವಿಧಿಯುಕ್ತ ಲೇಖವು ಆಗಿರಲಿಲ್ಲ. ಆದರೂ ಕೆಲಸದ ಪ್ರಯೋಜನ ಪಡೆದ ಸರಕಾರವು ಅದರ ಬೆಲೆಯನ್ನು ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 1961ರಲ್ಲಿ ಇದೇ ಕಲಮಿನ ಮೇಲೆ ತೀರ್ಪಿತ್ತಿತು.

ದಂಡದ ವಿಷಯದಲ್ಲಿ ಮಾಲಿಕರ ತಪ್ಪುತಿಳಿವಳಿಕೆ ಬಹಳ. ದಿನಕ್ಕೆ 1,000 ರೂಪಾಯಿ ಎಂದು ಬರೆದ ಮಾತ್ರಕ್ಕೆ ಅಷ್ಟೂ ಸಿಕ್ಕುವದೆಂದಲ್ಲ. 74ನೆಯ ಕಲಮಿನ ಪ್ರಕಾರ ಆ ಮೊತ್ತವು ಮೇಲಿನ ಮೇರೆ ಮಾತ್ರ, ಅದರೊಳಗೆ ಯೋಗ್ಯವೆಂದು ಕಂಡಷ್ಟನ್ನು ನ್ಯಾಯಾಲಯವು ಕೊಡಿಸುವದು. ಇದಕ್ಕಿಂತ ಹೆಚ್ಚು ಜನರನ್ನು ಕೆಡಿಸುವದು 55ನೆಯ ಕಲಮು. ಕಾಲವೇ ಮುಖ್ಯವೆಂದು ಆದ ಕರಾರಿನಲ್ಲಿ, ಅವಧಿ ಮೀರಿ ಮಾಡಿದ ಕೆಲಸವನ್ನು ಸುಮ್ಮನೆ ಒಪ್ಪಿಕೊಂಡವನು ತಡವಾದದ್ದಕ್ಕೆ ಪರಿಹಾರ ಕೇಳಲಾರನು. ಕೇಳಬೇಕೆಂದಿದ್ದರೆ ಒಪ್ಪಿಕೊಳ್ಳುವ ಸಮಯದಲ್ಲಿಯೇ ನೋಟೀಸು ಕೊಟ್ಟಿರಬೇಕು. ದಾಕ್ಷಿಣ್ಯದಿಂದ ಬಾಯಿ ಮುಚ್ಚಿಕೊಂಡು ಕೀಲಿಕೈ ಪಡೆದವನ ಹಕ್ಕು ಆ ದಿನವೇ ಹೋಗುತ್ತದೆ.

ತೊಯ್ದ ಬತ್ತದ ನಷ್ಟವು 73ನೆಯ ಕಲಮಿಗೆ ಸೇರಿದ್ದು. ಅಲ್ಲಿ ಬತ್ತ ತುಂಬುವರೆಂಬದು ಕರಾರಿನ ಕಾಲಕ್ಕೆ ಗುತ್ತಿಗೆದಾರನಿಗೆ ಗೊತ್ತಿದ್ದರೆ ಆ ನಷ್ಟವನ್ನು ಕೇಳಬಹುದು. ಆ ಬತ್ತದ ಹಣದಿಂದ ಹೊಲ ಕೊಂಡು ಪಡೆಯಬೇಕೆಂದಿದ್ದ ಲಾಭವನ್ನು ಕೇಳಬರುವದಿಲ್ಲ, ಅದು ದೂರದ ನಷ್ಟ. ಮಾಡಿಲ್ಲದ ಉಗ್ರಾಣದಲ್ಲಿ ಬತ್ತವನ್ನು ಬಿಟ್ಟದ್ದೇಕೆ, ತಾಡಪತ್ರಿಯನ್ನಾದರೂ ಹೊದಿಸಲಿಲ್ಲವೇಕೆ ಎಂಬ ಪ್ರಶ್ನೆಗೂ ಮಾಲಿಕನು ಉತ್ತರ ಹೇಳಬೇಕಾಗುವದು.

ಉಳಿದ ಕೆಲಸವನ್ನು ಬೇರೆಯವರಿಂದ ಮಾಡಿಸಿ ಖರ್ಚನ್ನು ಮೊದಲಿನವನಿಂದ ಪಡೆಯುವ ಹಕ್ಕು 1963ರ ವಿಶಿಷ್ಟ ಪರಿಹಾರ ಕಾಯ್ದೆಯ 2018ರ ತಿದ್ದುಪಡಿಯಿಂದ ದೊರೆತಿದೆ. ಆದರೆ 30 ದಿನಗಳಿಗೆ ಕಡಿಮೆಯಿಲ್ಲದ ಲಿಖಿತ ನೋಟೀಸನ್ನು ಮೊದಲು ಕೊಡತಕ್ಕದ್ದು. ದೋಷವುಳ್ಳ ಗೋಡೆಯನ್ನು ಸಿಟ್ಟಿನಿಂದ ಕೆಡವಿಸುವದು ಸಾಕ್ಷ್ಯವನ್ನೇ ಕೆಡವಿದಂತೆ. ದಿವಾಣಿ ವ್ಯವಹಾರ ಸಂಹಿತೆಯ 26ನೆಯ ಆದೇಶದ 9ನೆಯ ನಿಯಮದ ಮೇರೆಗೆ ನ್ಯಾಯಾಲಯವು ಸ್ಥಳ ತನಿಖೆಗೆ ಕಮಿಷನರನ್ನು ನೇಮಿಸಬಲ್ಲದು. ಅವನು ಅಳೆದು ಬರೆದ ವರದಿಯು ದಾವೆಯಲ್ಲಿ ಸಾಕ್ಷ್ಯವಾಗುತ್ತದೆ. ಮಣ್ಣಿನೊಳಗೆ ಮುಚ್ಚಿಹೋಗುವ ಅಡಿಪಾಯದ ಅಳತೆಯನ್ನಾದರೋ ಮುಚ್ಚುವ ಮುಂಚೆಯೇ ಉಭಯರೂ ಬರೆದು ಸಹಿ ಮಾಡಿದ್ದರೆ ಕಮಿಷನರನ ಕೆಲಸವೂ ಹಗುರ.

ಸರಕಾರಿ ಕರಾರುಗಳಲ್ಲಿ, ನಷ್ಟವನ್ನು ಇಲಾಖೆಯೇ ಗೊತ್ತುಮಾಡಿ ವಸೂಲು ಮಾಡುವದೆಂಬ ಶರತ್ತು ಇರುವದುಂಟು. ತೀರ್ಥಹಳ್ಳಿಯ ಶ್ರೀ ರಾಮೇಶ್ವರ ರೈಸ್ ಮಿಲ್ಲಿನವರಿಗೂ ಕರ್ನಾಟಕ ಸರಕಾರಕ್ಕೂ ನಡೆದ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು 1987ರಲ್ಲಿ ಇದನ್ನು ವಿವೇಚಿಸಿತು. ಕರಾರು ಮುರಿದದ್ದು ಒಪ್ಪಿತವಾಗಿದ್ದರೆ ಇಲಾಖೆಯು ನಷ್ಟವನ್ನು ಎಣಿಸಬಹುದು. ಮುರಿದವರು ಯಾರೆಂಬದೇ ವಿವಾದವಾದಾಗ ಒಂದು ಪಕ್ಷವು ತಾನೇ ನ್ಯಾಯಾಧೀಶನಾಗಲಾರದೆಂದು ನಿರ್ಣಯವಾಯಿತು. ಆ ಕರಾರು ಬತ್ತ ಕುಟ್ಟಿಸುವದರ ಕುರಿತಾದರೂ ಅದೇ ತತ್ವವು ಕಟ್ಟಡದ ಗುತ್ತಿಗೆಗಳಿಗೂ ಅನ್ವಯಿಸಲ್ಪಟ್ಟಿದೆ.

ಊರ ಹಿರಿಯರ ಪಂಚಾಯತಿಕೆಯು ಒಳ್ಳೆಯದೇ. ಆದರೆ ಅದಕ್ಕೆ ಕಾಯ್ದೆಯ ಬಲ ಬರಬೇಕಾದರೆ 1996ರ ಮಧ್ಯಸ್ಥಿಕೆ ಕಾಯ್ದೆಯಂತೆ ಲಿಖಿತ ಒಪ್ಪಂದವಿರತಕ್ಕದ್ದು. ಹಾಗೆ ಇತ್ತ ತೀರ್ಪನ್ನು ರದ್ದುಪಡಿಸಲು 3 ತಿಂಗಳೊಳಗೆ ಅರ್ಜಿ ಕೊಡಬೇಕು. ಸಕಾರಣವಿದ್ದರೆ ಇನ್ನು 30 ದಿನ, ಅದಕ್ಕೆ ಮೇಲಿಲ್ಲ. ನ್ಯಾಯಾಲಯವು ಆಗ ಸಾಕ್ಷ್ಯವನ್ನು ಹೊಸದಾಗಿ ತೂಗುವದಿಲ್ಲ.

ಕಟ್ಟಡದ ಕರಾರಿನ ವಾಣಿಜ್ಯ ವ್ಯಾಜ್ಯವು 3 ಲಕ್ಷ ರೂಪಾಯಿಗೆ ಕಡಿಮೆಯಲ್ಲದ್ದಾದರೆ 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ ಅನ್ವಯಿಸುವದು. ತುರ್ತು ಪರಿಹಾರ ಬೇಕಿಲ್ಲದಿದ್ದರೆ ದಾವೆಗೆ ಮುಂಚೆ ಸಂಧಾನದ ಪ್ರಯತ್ನವು ಕಡ್ಡಾಯ. ಹಣ ಕೊಡಲು ದಿನ ಗೊತ್ತಾಗಿಲ್ಲದ ಕೆಲಸದ ಕೂಲಿಯ ದಾವೆಗೆ, ಕೆಲಸ ಮುಗಿದಂದಿನಿಂದ 3 ವರ್ಷಗಳ ಅವಧಿ. ಆ ಅವಧಿಯೊಳಗೆ ಬಾಕಿಯನ್ನು ಒಪ್ಪಿ ಸಹಿ ಮಾಡಿದ ಚೀಟಿಯೊಂದಿದ್ದರೆ, ಆ ಸಹಿಯ ದಿನದಿಂದ ಅವಧಿಯು ಮರಳಿ ಎಣಿಸಲ್ಪಡುವದು.