ಮೊದಲು ತಾಲೀಮು, ಆಮೇಲೆ ಮೈಕು

ಸಾರಥಿ ಹಳ್ಳಿಯಿಂದ ಹರಿಹರಕ್ಕೆ ಪ್ರತಿಭಾ ಕಾರಂಜಿಯ ಭಾಷಣಕ್ಕೆ ಹೊರಟ ವಿದ್ಯಾರ್ಥಿನಿ, ಗ್ರಾಮಸಭೆಯಲ್ಲಿ ಕುಡಿಯುವ ನೀರಿನ ಮಾತೆತ್ತಬೇಕೆಂದಿರುವ ಸ್ವಸಹಾಯ ಸಂಘದ ಸದಸ್ಯೆ, ದಾವಣಗೆರೆಯ ಕಾಲೇಜಿನಲ್ಲಿ ಸೆಮಿನಾರ್ ಕೊಡಬೇಕಾದ ಹುಡುಗ. ಇಂಥವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ಸರ್, ಭಯ ಹೋಗೋದು ಹೇಗೆ?" ಭಯ ಪೂರ್ತಿ ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ. ಅದು ಇರುವಾಗಲೇ ಮಾತಾಡುವುದನ್ನು ಕಲಿಯಬಹುದು. ಆ ವಿದ್ಯೆಯನ್ನು ದೂರ ಹೋಗಿ ಹುಡುಕಬೇಕಿಲ್ಲ, ದಾವಣಗೆರೆಯಲ್ಲೇ ಇದೆ.

ಇದು ಕಂಪನಿ ನಾಟಕದ ಊರು. ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿ ಬೆಳೆದದ್ದು ಇಲ್ಲಿಂದ. ಚಿಕ್ಕ ವಯಸ್ಸಿನಲ್ಲೇ ರಂಗಕ್ಕೆ ಬಂದ ಚಿಂದೋಡಿ ಲೀಲಾ ಅವರಿಗೆ 1988ರಲ್ಲಿ ಪದ್ಮಶ್ರೀ ಬಂತು. ಈಗಲೂ ಸುತ್ತಲ ಹಳ್ಳಿಗಳಲ್ಲಿ ಜಾತ್ರೆ ಹತ್ತಿರವಾದರೆ ನಾಟಕದ ಮಾಸ್ತರು ಬರುತ್ತಾರೆ. ಹಗಲೆಲ್ಲ ಗದ್ದೆಯಲ್ಲಿ ದುಡಿದವನು ರಾತ್ರಿ ಹಾರ್ಮೋನಿಯಂ ಪಕ್ಕ ನಿಂತು ದುರ್ಯೋಧನನ ಮಾತು ಒಪ್ಪಿಸುತ್ತಾನೆ. ನಾಟಕದ ರಾತ್ರಿ ಊರಿಗೆ ಊರೇ ಕೂತಿದ್ದರೂ ಅವನ ದನಿ ನಡುಗುವುದಿಲ್ಲ. ಅದೇ ಮನುಷ್ಯನಿಗೆ ಮರುವಾರ ಗ್ರಾಮಸಭೆಯಲ್ಲಿ ಎದ್ದು ಎರಡು ಮಾತಾಡಪ್ಪಾ ಎಂದರೆ ತಲೆ ತಗ್ಗಿಸುತ್ತಾನೆ. ಇವನಿಗೆ ಧೈರ್ಯವಿಲ್ಲ ಎನ್ನಲಾದೀತೆ? ಒಂದಕ್ಕೆ ತಿಂಗಳುಗಟ್ಟಲೆ ತಾಲೀಮು ನಡೆದಿತ್ತು, ಇನ್ನೊಂದಕ್ಕೆ ಒಂದು ದಿನವೂ ನಡೆದಿರಲಿಲ್ಲ. ಹೊಸಬರಿಗೆ ನಾನು ಹೇಳಬೇಕಾದದ್ದರಲ್ಲಿ ಮುಕ್ಕಾಲು ಪಾಲು ಇಷ್ಟರಲ್ಲೇ ಇದೆ.

ಭಾಷಣಕ್ಕೆ ತಯಾರಿ ಎಂದರೆ ನಮ್ಮ ಮಕ್ಕಳು ಬರೆದು, ಕೂತು, ಮನಸ್ಸಿನಲ್ಲೇ ಓದಿಕೊಳ್ಳುತ್ತಾರೆ. ಅದು ಪರೀಕ್ಷೆಯ ಓದು. ತಾಲೀಮು ಎಂದರೆ ಎದ್ದು ನಿಂತು, ಬಾಯಿ ಬಿಟ್ಟು, ವೇದಿಕೆಯ ಮೇಲೆ ಬೇಕಾಗುವಷ್ಟೇ ಗಟ್ಟಿಯಾಗಿ ಹೇಳುವುದು. ಮನೆಯಲ್ಲಿ ಸಂಕೋಚವಾದರೆ ತುಂಗಭದ್ರೆಯ ದಂಡೆಗೆ ಹೋಗಿ. ಗೆಳೆಯನನ್ನು ಹತ್ತು ಹೆಜ್ಜೆ ದೂರ ನಿಲ್ಲಿಸಿ, ಅವನಿಗೆ ಪ್ರತಿ ಪದವೂ ಕೇಳುವಂತೆ ಮಾತಾಡಿ, ಆದರೆ ಕಿರುಚಬೇಡಿ. ಮೈಕು ಬರುವ ಮೊದಲಿನ ನಟರು ಕೊನೆಯ ಸಾಲಿನವರೆಗೂ ದನಿ ಮುಟ್ಟಿಸುತ್ತಿದ್ದದ್ದು ಹೊಟ್ಟೆಯಿಂದ ಉಸಿರೆಳೆದು, ಪದದ ಕೊನೆಯನ್ನು ನುಂಗದೆ ಹೇಳುವ ಅಭ್ಯಾಸದಿಂದ. ಮೈಕು ಇದ್ದಾಗಲೂ ಅದೇ ಅಭ್ಯಾಸ ಕೆಲಸಕ್ಕೆ ಬರುತ್ತದೆ. ಇಡೀ ಭಾಷಣ ಬಾಯಿಪಾಠ ಮಾಡಬೇಡಿ. ಒಂದು ಪದ ಕೈಕೊಟ್ಟರೆ ಮುಂದಿನದೆಲ್ಲ ಕೈಕೊಡುತ್ತದೆ. ಮೊದಲ ನಾಲ್ಕು ವಾಕ್ಯ, ಕೊನೆಯ ಎರಡು ವಾಕ್ಯ ಬಾಯಿಗೆ ಬರಲಿ. ನಡುವಿನದಕ್ಕೆ ಒಂದು ಚೀಟಿಯಲ್ಲಿ ನಾಲ್ಕೈದು ಪದ ದೊಡ್ಡದಾಗಿ ಬರೆದುಕೊಳ್ಳಿ. ಚೀಟಿ ನೋಡುವುದು ಅವಮಾನವಲ್ಲ. ಹೆಸರಾಂತ ನಟರಿಗೂ ಸೈಡ್ ವಿಂಗಿನಲ್ಲಿ ಮಾತು ಎತ್ತಿಕೊಡುವವರು ಇರುತ್ತಿದ್ದರು.

ಇನ್ನು ಮೈ ನಡುಗುವ ವಿಷಯ. ಹೆಸರು ಕರೆದ ಕೂಡಲೇ ಎದೆ ಹೊಡೆದುಕೊಳ್ಳುತ್ತದೆ, ಬಾಯಿ ಒಣಗುತ್ತದೆ, ಅಂಗೈ ಬೆವರುತ್ತದೆ. ಅಡ್ರಿನಲಿನ್ ಎಂಬ ರಸ ರಕ್ತಕ್ಕೆ ಸೇರಿ ದೇಹವನ್ನು ಸಜ್ಜುಮಾಡುತ್ತಿದೆ, ಅಷ್ಟೇ. ಓಟಕ್ಕೆ ನಿಂತವನಿಗೂ ಹೀಗೇ ಆಗುತ್ತದೆ. ಇದನ್ನು ಮನಸ್ಸಿನ ಬಲದಿಂದ ಅದುಮಲು ಹೋದರೆ ಹೆಚ್ಚುತ್ತದೆ, ಉಸಿರಿನಿಂದ ತಗ್ಗಿಸಬಹುದು. ಮೂರು ಎಣಿಸುತ್ತ ಮೂಗಿನಿಂದ ಉಸಿರೆಳೆದುಕೊಳ್ಳಿ, ಆರು ಎಣಿಸುತ್ತ ಬಿಡಿ. ಬಿಡುವ ಉಸಿರು ಉದ್ದವಾದಂತೆ ಎದೆಬಡಿತ ನಿಧಾನವಾಗುತ್ತದೆ. ಕುರ್ಚಿಯಲ್ಲಿ ಕೂತಾಗಲೇ ಐದಾರು ಸಲ ಮಾಡಿದರೆ ಯಾರಿಗೂ ಗೊತ್ತಾಗದು. ವೇದಿಕೆಗೆ ಹೋದ ಮೇಲೆ ಎರಡೂ ಪಾದ ನೆಲಕ್ಕೆ ಊರಿ ನಿಂತು, ಎದುರಿನ ಒಬ್ಬರ ಮುಖ ನೋಡಿ, ಆಮೇಲೆ ಬಾಯಿ ತೆರೆಯಿರಿ. ಆ ಎರಡು ಕ್ಷಣದ ಮೌನ ನಿಮಗೆ ಯುಗದಂತೆ ಅನ್ನಿಸುತ್ತದೆ. ಸಭಿಕರಿಗೆ ಅದು ಗಾಂಭೀರ್ಯವಾಗಿ ಕಾಣುತ್ತದೆ.

ಕಂಪನಿ ನಾಟಕ ಶುರುವಾಗುವುದು ನಾಂದಿಯಿಂದ, ಕಲಾವಿದರೆಲ್ಲ ಸೇರಿ ಹಾಡುವ ಪ್ರಾರ್ಥನೆಯಿಂದ. ದೇವರ ಸ್ಮರಣೆಯ ಜೊತೆಗೆ ಅದರಲ್ಲೊಂದು ಉಪಕಾರವನ್ನೂ ನಾನು ಕಾಣುತ್ತೇನೆ: ಹೊಸ ನಟನ ಗಂಟಲು ತನ್ನ ಪಾತ್ರ ಬರುವ ಮುಂಚೆಯೇ, ಹತ್ತು ದನಿಗಳ ಆಸರೆಯಲ್ಲಿ ತೆರೆದುಕೊಳ್ಳುತ್ತದೆ. ನಮ್ಮ ಸಭೆಗಳಲ್ಲಿ ಆ ಜಾಗದಲ್ಲಿರುವುದು ವಂದನೆಯ ಮಾತು. "ವೇದಿಕೆಯ ಮೇಲಿರುವ ಹಿರಿಯರೇ, ನೆರೆದಿರುವ ತಾಯಂದಿರೇ, ಗೆಳೆಯರೇ" ಎಂಬಷ್ಟನ್ನು ನಿಧಾನವಾಗಿ, ಪ್ರತಿ ಸಂಬೋಧನೆಯ ನಂತರ ನಿಂತು, ಆಯಾ ಕಡೆಗೆ ನೋಡಿ ಹೇಳಿ. ಯೋಚನೆ ಬೇಡದ ಮಾತುಗಳವು. ಅವು ಮುಗಿಯುವ ಹೊತ್ತಿಗೆ ಮೊದಲ ನಿಮಿಷದ ಅಬ್ಬರ ಇಳಿಯತೊಡಗಿರುತ್ತದೆ. ಆದರೆ ನಿಮಗಿಂತ ಮೊದಲು ನಾಲ್ವರು ಎಲ್ಲ ಗಣ್ಯರ ಹೆಸರು ಹೇಳಿಯಾಗಿದ್ದರೆ ಐದನೆಯ ಸಲ ಪಟ್ಟಿ ಓದಬೇಡಿ. ಅದು ಕೇಳುಗರ ತಾಳ್ಮೆಗೆ ಮಾಡುವ ಅನ್ಯಾಯ.

"ನನ್ನ ನಡುಕ ಎಲ್ಲರಿಗೂ ಕಾಣುತ್ತದಲ್ಲ" ಎಂಬ ಕೊರಗು ಬಹಳ ಜನರದು. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಕೆನೆತ್ ಸವಿಟ್ಸ್ಕಿ ಮತ್ತು ಥಾಮಸ್ ಗಿಲೋವಿಚ್ 2003ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಪರೀಕ್ಷಿಸಿತು. ಭಾಷಣಕಾರರು ತಾವು ಎಷ್ಟು ಅಳುಕಿದಂತೆ ಕಾಣುತ್ತೇವೆ ಎಂದುಕೊಂಡಿದ್ದರೋ ಕೇಳುಗರಿಗೆ ಅಷ್ಟು ಕಂಡಿರಲಿಲ್ಲ. ಈ ಸಂಗತಿಯನ್ನು ಮೊದಲೇ ತಿಳಿಸಿದಾಗ ಭಾಷಣವೂ ಸುಧಾರಿಸಿತು. ಆದ್ದರಿಂದ ಇದನ್ನು ನಂಬಿ, ಮತ್ತು ಮಾತಿನ ನಡುವೆ "ಕ್ಷಮಿಸಿ, ನನಗೆ ಭಯವಾಗ್ತಿದೆ" ಎನ್ನಬೇಡಿ. ಅವರಿಗೆ ಕಾಣದ್ದನ್ನು ನೀವೇಕೆ ತೋರಿಸಬೇಕು?

ಹೀಗೆ ಅಳುಕಿದವರು ನೀವೊಬ್ಬರೇ ಅಲ್ಲ. ಗಾಂಧೀಜಿ ಬ್ಯಾರಿಸ್ಟರ್ ಆಗಿ ಬಂದ ಹೊಸದರಲ್ಲಿ ಮುಂಬಯಿಯ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ಮೊದಲ ಮೊಕದ್ದಮೆಗೆ ಎದ್ದುನಿಂತರು. ತಲೆ ಸುತ್ತಿ, ಒಂದು ಪ್ರಶ್ನೆಯೂ ಹೊರಡದೆ ಕೂತುಬಿಟ್ಟರು, ಶುಲ್ಕ ಹಿಂದಿರುಗಿಸಿದರು. ಇದನ್ನು ತಮ್ಮ ಆತ್ಮಕಥೆಯಲ್ಲಿ ಅವರೇ ಬರೆದುಕೊಂಡಿದ್ದಾರೆ. 1934ರ ಹರಿಜನ ಯಾತ್ರೆಯಲ್ಲಿ ನಮ್ಮ ಸೀಮೆಗೂ ಬಂದ ಹೊತ್ತಿಗೆ ಅವರ ಮಾತಿಗೆ ಜನ ಜಾತ್ರೆಯಂತೆ ಸೇರುತ್ತಿದ್ದರು. ಕೊನೆಯವರೆಗೂ ಅವರದು ಅಬ್ಬರದ ಭಾಷಣವಾಗಲಿಲ್ಲ. ಸಣ್ಣ ದನಿ, ಸರಳ ವಾಕ್ಯ, ಹೇಳಲೇಬೇಕಾದ ವಿಷಯ. ಮೆಲುದನಿಯವರು ತಮ್ಮ ದನಿಯನ್ನು ಬದಲಿಸಿಕೊಳ್ಳಬೇಕಾಗಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಬೇಡ.

ಶುರು ಎಲ್ಲಿಂದ ಎಂದರೆ, ನಿಮ್ಮ ಊರಿನ ಮುಂದಿನ ಗ್ರಾಮಸಭೆಯಿಂದ. ಬೀದಿ ದೀಪವೋ ಚರಂಡಿಯೋ, ಒಂದೇ ಪ್ರಶ್ನೆ ಆರಿಸಿಕೊಳ್ಳಿ. ಹಿಂದಿನ ರಾತ್ರಿ ಮನೆಯವರ ಮುಂದೆ ನಿಂತು ಗಟ್ಟಿಯಾಗಿ ಹೇಳಿ ನೋಡಿ. ಸಭೆಯಲ್ಲಿ ಎದ್ದು ನಿಮ್ಮ ಹೆಸರು ಹೇಳಿ, ಪ್ರಶ್ನೆ ಕೇಳಿ, ಉತ್ತರ ಬರುವವರೆಗೂ ನಿಂತೇ ಇರಿ.