ಕಾರಿನ ಚಕ್ರ: ಕಾಣುವ ಅಳತೆ, ಕಾಣದ ಅಳತೆ

ಹಾಸನದಿಂದ ಅರಸೀಕೆರೆಯ ಕಡೆಗೆ ಹೋಗುವ ದಾರಿಯಲ್ಲಿ, ಹೊಯ್ಸಳರ ಕಾಲದ ಬೂಚೇಶ್ವರ ದೇಗುಲದಿಂದ ಹೆಸರಾದ ಕೊರವಂಗಲದ ಆಸುಪಾಸಿನಲ್ಲಿ ಸ್ವಲ್ಪ ಹೊತ್ತು ನಿಂತು ಗಮನಿಸಿದರೆ, ಹಾದುಹೋಗುವ ಸಣ್ಣ ಕಾರುಗಳಲ್ಲಿ ಕೆಲವು ತಯಾರಕರು ಕೊಟ್ಟ ಚಕ್ರಗಳನ್ನು ಬಿಟ್ಟು ಮಿರುಗುವ ಮಿಶ್ರಲೋಹದ ಬೇರೆ ಚಕ್ರಗಳನ್ನು ತೊಟ್ಟಿರುವುದು ಕಂಡುಬರುತ್ತದೆ. ಅವುಗಳಲ್ಲಿ ಒಂದೆರಡು ಮಡ್‌ಗಾರ್ಡನ್ನು ಮೀರಿ ಅಂಗುಲದಷ್ಟು ಹೊರಗೆ ಚಾಚಿಕೊಂಡಿರುವುದೂ ಉಂಟು. ಅಂದಚಂದದ ಮಾತು ಅವರವರ ಅಭಿರುಚಿಗೆ ಸೇರಿದುದು. ಅದರಲ್ಲಿ ನಾವು ತಲೆಹಾಕುವುದಿಲ್ಲ. ಆದರೆ ಆ ಒಂದು ಅಂಗುಲ ಭೌತಶಾಸ್ತ್ರದ ವಿಷಯ. ಅದನ್ನು ಇಲ್ಲಿ ವಿಚಾರಿಸೋಣ.

ಮೊದಲು ಕಾಣುವ ಅಳತೆಯನ್ನು ನೋಡೋಣ. 2018ರಲ್ಲಿ ಹೊರಬಂದ ಮಾರುತಿ ಸ್ವಿಫ್ಟ್ ಕಾರಿನ ಅಗ್ಗದ ಮಾದರಿಯ ಟೈರಿನ ಮೇಲೆ 165/80 ಆರ್ 14 ಎಂದು ಅಚ್ಚಾಗಿರುತ್ತದೆ. ಟೈರಿನ ಅಗಲ 165 ಮಿಲಿಮೀಟರ್. ಅದರ ಪಕ್ಕದ ಗೋಡೆಯ ಎತ್ತರ ಈ ಅಗಲದ ಶೇಕಡ 80, ಎಂದರೆ 132 ಮಿಲಿಮೀಟರ್. ಒಳಗಿನ ರಿಮ್ಮಿನ ವ್ಯಾಸ 14 ಅಂಗುಲ, ಎಂದರೆ 355.6 ಮಿಲಿಮೀಟರ್. ಗೋಡೆ ಮೇಲೆಯೂ ಕೆಳಗೆಯೂ ಇರುವುದರಿಂದ ಒಟ್ಟು ವ್ಯಾಸ 619.6 ಮಿಲಿಮೀಟರ್ ಆಯಿತು. ಅದೇ ಕಾರಿನ ದುಬಾರಿ ಮಾದರಿಗೆ 185/65 ಆರ್ 15. ಇದರ ವ್ಯಾಸವನ್ನು ವಾಚಕರೇ ಲೆಕ್ಕ ಮಾಡಿ ನೋಡಬಹುದು: 621.5 ಮಿಲಿಮೀಟರ್. ರಿಮ್ಮು ಒಂದು ಅಂಗುಲ ದೊಡ್ಡದಾದರೂ ಟೈರಿನ ಗೋಡೆ ಗಿಡ್ಡವಾದುದರಿಂದ ಒಟ್ಟು ವ್ಯಾಸ ಎರಡು ಮಿಲಿಮೀಟರ್ ಮಾತ್ರ ಬದಲಾಗಿದೆ. ತಯಾರಕರ ಜಾಣ್ಮೆ ಇರುವುದೇ ಇಲ್ಲಿ.

ಈ ಲೆಕ್ಕವನ್ನು ಮರೆತು 15 ಅಂಗುಲದ ರಿಮ್ಮಿಗೆ 205/65ರ ಟೈರು ಹಾಕಿದರೆ ವ್ಯಾಸ 647.5 ಮಿಲಿಮೀಟರ್ ಆಗುತ್ತದೆ. ಚಕ್ರ ಒಂದು ಸುತ್ತಿಗೆ ಶೇಕಡ 4ಕ್ಕಿಂತ ಹೆಚ್ಚು ದೂರ ಮುಂದೆ ಸಾಗುತ್ತದೆ. ವೇಗಮಾಪಕವಾದರೋ ಎಣಿಸುವುದು ಸುತ್ತುಗಳನ್ನೇ. ಆದುದರಿಂದ ಮೊದಲು ಸರಿಯಾಗಿ ತೋರಿಸುತ್ತಿದ್ದ ಮುಳ್ಳು 60ರಲ್ಲಿ ನಿಂತಾಗ ನಿಜವಾದ ವೇಗ 62.5 ಕಿಲೋಮೀಟರ್ ಆಗಿರುತ್ತದೆ. ಬ್ರೇಕು ಚಕ್ರಕ್ಕೆ ಕೊಡುವ ತಿರುಗುಬಲ ಹಿಂದಿನಷ್ಟೇ. ತ್ರಿಜ್ಯ ಹೆಚ್ಚಿದುದರಿಂದ ನೆಲದ ಮೇಲೆ ದೊರೆಯುವ ತಡೆಬಲ ಅದೇ ಪ್ರಮಾಣದಲ್ಲಿ ಕುಗ್ಗುತ್ತದೆ. ಶಿರಾಡಿ ಘಾಟಿಯನ್ನು ಇಳಿಯುವವರು ಇದನ್ನು ನೆನಪಿನಲ್ಲಿಡಬೇಕು. ಗೋಡೆ ತೀರ ಗಿಡ್ಡವಾದರೂ ಕಷ್ಟವೇ: ಗುಂಡಿಗೆ ಬಿದ್ದಾಗ ಪೆಟ್ಟನ್ನು ನುಂಗುವ ಗಾಳಿಯ ಮೆತ್ತೆ ತೆಳುವಾಗಿ ರಿಮ್ಮಿನ ಅಂಚು ಡೊಂಕಾಗುತ್ತದೆ.

ಇನ್ನು ಕಾಣದ ಅಳತೆ. ಇದಕ್ಕೆ ಆಫ್‌ಸೆಟ್ ಎಂದು ಹೆಸರು. ರಿಮ್ಮನ್ನು ಅದರ ಅಗಲದ ನಟ್ಟನಡುವೆ ಉದ್ದಕ್ಕೆ ಸೀಳಿದಂತೆ ಒಂದು ಸಮತಲವನ್ನು ಊಹಿಸಿಕೊಳ್ಳಿ. ಚಕ್ರವು ಕಾರಿನ ಹಬ್ಬಿಗೆ ಒತ್ತಿ ಕೂರುವ ಮುಖ ಈ ಸಮತಲದಿಂದ ಹೊರಗಿನ ಕಡೆಗೆ ಎಷ್ಟು ದೂರವಿದೆಯೋ ಅಷ್ಟು ಮಿಲಿಮೀಟರ್ ಧನ ಆಫ್‌ಸೆಟ್. ಒಳಗಿನ ಕಡೆಗಿದ್ದರೆ ಋಣ. ಇಂದಿನ ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಇದು ಧನವಾಗಿರುತ್ತದೆ. ಚಕ್ರದ ಮೇಲೆ ಇಟಿ 45 ಎಂದು ಬರೆದಿದ್ದರೆ ಆಫ್‌ಸೆಟ್ 45 ಮಿಲಿಮೀಟರ್ ಎಂದು ಅರ್ಥ.

ಐದೂವರೆ ಅಂಗುಲ ಅಗಲದ, ಇಟಿ 45ರ ರಿಮ್ಮನ್ನು ತೆಗೆದು ಏಳು ಅಂಗುಲದ, ಇಟಿ 35ರ ರಿಮ್ಮನ್ನು ಹಾಕಿದೆವೆಂದು ಭಾವಿಸೋಣ. ಹೊರಚಾಚು ಎಂದರೆ ಅರ್ಧ ಅಗಲದಿಂದ ಆಫ್‌ಸೆಟ್ಟನ್ನು ಕಳೆದುದು. ಮೊದಲನೆಯದಕ್ಕೆ ಅದು ಸುಮಾರು 25, ಎರಡನೆಯದಕ್ಕೆ 54 ಮಿಲಿಮೀಟರ್. ಅರ್ಧ ಅಗಲಕ್ಕೆ ಆಫ್‌ಸೆಟ್ಟನ್ನು ಕೂಡಿಸಿದರೆ ಒಳಚಾಚು: ಸುಮಾರು 115 ಮತ್ತು 124. ಹೊರಗೆ 29 ಮಿಲಿಮೀಟರ್ ಬೆಳೆದ ಚಕ್ರ ಒಳಗೂ 9 ಮಿಲಿಮೀಟರ್ ಬೆಳೆದಿದೆ! ಹೊರಗಿನದು ಮಡ್‌ಗಾರ್ಡನ್ನು ಉಜ್ಜೀತು, ಒಳಗಿನದು ಸಸ್ಪೆನ್ಷನ್ನನ್ನು ಮುಟ್ಟೀತು.

ಉಜ್ಜುವುದು ಕಿವಿಗೆ ಕೇಳಿಸುತ್ತದೆ. ಆದುದರಿಂದ ಅದು ಸಣ್ಣ ತೊಂದರೆ. ಕೇಳಿಸದ ತೊಂದರೆ ಸ್ಟೇರಿಂಗಿನಲ್ಲಿದೆ. ಮುಂದಿನ ಚಕ್ರ ಎಡಬಲಕ್ಕೆ ಹೊರಳುವುದು ತುಸು ಓರೆಯಾದ ಒಂದು ಅಕ್ಷದ ಸುತ್ತ. ಆ ಅಕ್ಷವನ್ನು ನೆಲದವರೆಗೆ ಬೆಳೆಸಿದರೆ ಅದು ಟೈರಿನ ಪಾದದ ನಡುವಿನ ಹತ್ತಿರವೇ ನೆಲವನ್ನು ಮುಟ್ಟುತ್ತದೆ. ಈ ಎರಡು ಬಿಂದುಗಳ ಅಂತರವನ್ನು ತಯಾರಕರು ಬಹು ಎಚ್ಚರದಿಂದ ನಿಗದಿ ಮಾಡಿರುತ್ತಾರೆ. ಅನೇಕ ಕಾರುಗಳಲ್ಲಿ ಅಕ್ಷದ ಬಿಂದು ಬೇಕೆಂದೇ ಪಾದದ ನಡುವಿಗಿಂತ ಸ್ವಲ್ಪ ಹೊರಗಿರುತ್ತದೆ. ಆಫ್‌ಸೆಟ್ 10 ಮಿಲಿಮೀಟರ್ ಕಡಿಮೆಯಾದರೆ ಟೈರಿನ ಪಾದ ಅಷ್ಟೇ ಹೊರಗೆ ಸರಿಯುತ್ತದೆ, ಅಕ್ಷ ಇದ್ದಲ್ಲಿಯೇ ಇರುತ್ತದೆ.

ಇದರ ಫಲವೇನು? ನಮ್ಮ ಹಳ್ಳಿಗಾಡಿನ ರಸ್ತೆಯಲ್ಲಿ ಎದುರಿನಿಂದ ಬಸ್ಸು ಬಂತು. ನಾವು ಎಡಗಡೆಯ ಚಕ್ರಗಳನ್ನು ಮಣ್ಣಿಗೆ ಇಳಿಸಿದೆವು. ಒಮ್ಮೆಲೆ ಬ್ರೇಕು ಒತ್ತಬೇಕಾಯಿತು. ಮಣ್ಣಿನ ಮೇಲಿನ ಚಕ್ರಕ್ಕೆ ಹಿಡಿತ ಕಡಿಮೆ, ಟಾರಿನ ಮೇಲಿನ ಬಲಚಕ್ರಕ್ಕೆ ಹೆಚ್ಚು. ತಡೆಬಲ ಬಲಗಡೆಯೇ ಹೆಚ್ಚಾದುದರಿಂದ ಕಾರು ಬಲಕ್ಕೆ, ಅಂದರೆ ಬಸ್ಸಿನ ಕಡೆಗೆ, ತಿರುಗಲೆಳಸುತ್ತದೆ. ಅಕ್ಷದ ಬಿಂದು ಪಾದದ ಹೊರಗಿದ್ದರೆ ಅದೇ ತಡೆಬಲ ಬಲಚಕ್ರದ ಮುಂತುದಿಯನ್ನು ಎಡಕ್ಕೆ ಹೊರಳಿಸಿ ಕಾರನ್ನು ನೆಟ್ಟಗೆ ಹಿಡಿಯಲು ನೆರವಾಗುತ್ತದೆ. ಪಾದವನ್ನೇ ನಾವು ಅಕ್ಷದಾಚೆ ಹೊರಗೆ ಸರಿಸಿಬಿಟ್ಟಿದ್ದರೆ ತಿರುಗುಬಲದ ದಿಕ್ಕು ಮಗುಚಿ, ಚಕ್ರ ಬಲಕ್ಕೆ ಹೊರಳುತ್ತದೆ. ಎರಡು ಚಕ್ರಗಳ ತಡೆಬಲಗಳ ವ್ಯತ್ಯಾಸ 1400 ನ್ಯೂಟನ್ ಎಂದೂ, ಪಾದ ಅಕ್ಷದಿಂದ 20 ಮಿಲಿಮೀಟರ್ ಹೊರಗಿದೆಯೆಂದೂ ಇಟ್ಟುಕೊಂಡರೆ 28 ನ್ಯೂಟನ್-ಮೀಟರ್ ತಿರುಗುಬಲ ನಮಗೆ ವಿರುದ್ಧವಾಗಿ ದುಡಿಯುತ್ತಿರುತ್ತದೆ. ಬೀಗಹಾಕದ ಬ್ರೇಕಿನ ವ್ಯವಸ್ಥೆ ಇದನ್ನು ಹಗುರ ಮಾಡೀತೇ ಹೊರತು ಇಲ್ಲವಾಗಿಸದು.

ಹಬ್ಬಿಗೂ ಚಕ್ರಕ್ಕೂ ನಡುವೆ ಬಿಲ್ಲೆಯಂತಹ ಸ್ಪೇಸರ್ ಇಡುವುದೂ ಆಫ್‌ಸೆಟ್ಟನ್ನು ಕುಗ್ಗಿಸುವ ಇನ್ನೊಂದು ಬಗೆಯೇ. ಅಂಗಡಿಯವರು ಹಾಗೆ ಹೇಳುವುದು ವಿರಳ. ಹಬ್ಬಿನ ಬೇರಿಂಗಿನ ಮೇಲೆ ಬೀಳುವ ಹೆಚ್ಚಿನ ಹೊರೆಯನ್ನೂ ಸನ್ನೆಯ ನಿಯಮದಿಂದ ವಿದ್ಯಾರ್ಥಿಗಳು ತಾವೇ ಎಣಿಸಬಹುದು.

ಬೋಲ್ಟುಗಳ ವೃತ್ತದ ವ್ಯಾಸವೂ ಸರಿಹೊಂದಬೇಕು. ಸ್ವಿಫ್ಟಿಗೆ ಅದು 100 ಮಿಲಿಮೀಟರ್, ಹಳೆಯ ಮಾರುತಿ 800ಕ್ಕೆ 114.3; ಎರಡಕ್ಕೂ ನಾಲ್ಕೇ ಬೋಲ್ಟುಗಳಾದರೂ ಒಂದರ ಚಕ್ರ ಇನ್ನೊಂದಕ್ಕೆ ಕೂರದು. ತಯಾರಕರ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣ ನಿರ್ಬಂಧಿಸುತ್ತದೆ ಎಂಬುದನ್ನೂ ತಿಳಿದಿರಬೇಕು. ಹೊಸ ಚಕ್ರ ಕೊಳ್ಳುವವರು ಅದೇ ಕಾರಿನ ಬೇರೆ ಮಾದರಿಗೆ ತಯಾರಕರೇ ಕೊಟ್ಟಿರುವ ಅಗಲವನ್ನೂ ಆಫ್‌ಸೆಟ್ಟನ್ನೂ ಕೇಳಿ ಪಡೆಯುವುದು ಲೇಸು. ಚಕ್ರ ಹಾಕಿದ ಮೇಲೆ ಐದು ಜನರನ್ನು ಕೂರಿಸಿ, ಸ್ಟೇರಿಂಗನ್ನು ಎರಡು ಕಡೆಗೂ ಕೊನೆಯವರೆಗೆ ತಿರುಗಿಸಿ, ಟೈರಿನ ಒಳಮಗ್ಗುಲಿಗೆ ಬೆರಳು ತೂರುತ್ತದೆಯೇ ಎಂದು ಅಂಗಡಿಯ ಮುಂದೆಯೇ ನೋಡಿಕೊಳ್ಳಬೇಕು.