ಆರೈಕೆಯ ಹಣ: ಲೆಕ್ಕ ಯಾರ ಕೈಯಲ್ಲಿರಬೇಕು?

ವಿಕಲಚೇತನರ ಮಾಸಾಶನ ಅವರ ಹೆಸರಿಗೇ ಬರುತ್ತದೆ. ಆದರೆ ಎಷ್ಟೋ ಮನೆಗಳಲ್ಲಿ ಆ ಅಲ್ಪ ಹಣ ಸಂಸಾರದ ಖರ್ಚಿನಲ್ಲಿ ಕರಗಿಹೋಗುತ್ತದೆ. ಹಾಸಿಗೆ ಹಿಡಿದವರ ಮಗ್ಗುಲು ಬದಲಿಸಲು ಆಳಿಲ್ಲದೆ ಬೆನ್ನಿನಲ್ಲಿ ಹುಣ್ಣಾಗುತ್ತದೆ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 13ನೇ ಕಲಮಿನಂತೆ, ತಮ್ಮ ಹಣದ ವ್ಯವಹಾರವನ್ನು ತಾವೇ ನಿರ್ಧರಿಸುವ ಹಕ್ಕು ಅವರಿಗಿದೆ. ಮನೆಯವರು ಅದಕ್ಕೆ ನೆರವಾಗಬೇಕು.

1. ಸ್ನಾನ, ಶೌಚ, ಊಟ, ಓಡಾಟ: ಯಾವುದಕ್ಕೆ ಯಾರ ನೆರವು ಬೇಕೆಂದು ಅವರನ್ನೇ ಕೇಳಿರಿ. ಮಾತು ಬಾರದವರು ಸನ್ನೆಯಿಂದಲೋ ಚಿತ್ರ ತೋರಿಸಿಯೋ ತಿಳಿಸಬಲ್ಲರು.

2. ಹಣ ಬಂದೊಡನೆ ಸಹಾಯಕರ ಕೂಲಿ, ಡೈಪರ್, ಔಷಧಿಗೆ ಮೊದಲು ತೆಗೆದಿಡಿರಿ. ಸಹಾಯಕರು ರಜೆ ಹೋದ ದಿನಕ್ಕೆಂದು ಸ್ವಲ್ಪ ಉಳಿಸಿರಿ.

3. ಖರ್ಚನ್ನು ಪುಸ್ತಕದಲ್ಲಿ ಬರೆದು, ವಾರಕ್ಕೊಮ್ಮೆ ಅವರಿಗೆ ಓದಿ ಹೇಳಿರಿ. ಕೂಲಿ ಕೊಟ್ಟಾಗ ಸಹಿ ಪಡೆಯಿರಿ.

4. ಎಟಿಎಂ ಪಿನ್, ಒಟಿಪಿಗಳನ್ನು ಸಹಾಯಕರಿಗೆ ತಿಳಿಸಬೇಡಿರಿ.

ಮಾಸಾಶನದ ಅರ್ಜಿ, ಯುಡಿಐಡಿ ಕಾರ್ಡುಗಳ ವಿಚಾರಕ್ಕೆ ನಿಮ್ಮ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕಾಣಿರಿ.

ಆರೈಕೆ ಮಾಡುವುದು ಕಾಯಕ. ಆ ಹಣದ ಲೆಕ್ಕವನ್ನು ಅದರ ಒಡೆಯರಿಗೆ ಒಪ್ಪಿಸುವುದೂ ಕಾಯಕವೇ.